ಡ್ರೈವರ್ ಹಿಂದಿನ ಬಾಲ್ಕನಿ

ಮರಳೂರು

ನನ್ನ ಹೆಂಡತಿ ಗಿರಿಜೆಗೆ ಬಸ್ಸು ಆಗಿಬರುವುದಿಲ್ಲ. ಆಗಿಬರುವುದಿಲ್ಲ ಅಂದರೆ, ಹತ್ತಿದರೆ ವಾಂತಿ. ಅವಳ ತವರು ಗುಬ್ಬಿ ತಾಲ್ಲೂಕಿನ ಕಡಬ. ಮದುವೆಯಾಗಿ ತುಮಕೂರಿಗೆ ಬರುವಾಗಲೇ ಹೆಗ್ಗೆರೆ ಹತ್ತಿರ ದಿಬ್ಬಣದ ಬಸ್ಸು ನಿಲ್ಲಿಸಿ, ಬಾಸಿಂಗ ಬಿಚ್ಚಿ ನನ್ನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದವಳು. ಅವತ್ತಿನಿಂದ ನಾವು ಎಲ್ಲಿಗೆ ಹೊರಟರೂ ಅವಳ ವ್ಯಾನಿಟಿ ಬ್ಯಾಗಿನಲ್ಲಿ ಪ್ಲಾಸ್ಟಿಕ್ ಕವರು, ನನ್ನ ಜೇಬಿನಲ್ಲಿ ನಿಂಬೆಹಣ್ಣು. ನಾನು ಪಕ್ಕದಲ್ಲಿ ಕೂತು ಅವಳ ಮುಖವನ್ನೇ ನೋಡುತ್ತಾ, ಒಂದೊಂದು ಊರು ದಾಟಿದಾಗಲೂ "ಬಂತಾ?" ಅಂತ ಕೇಳುತ್ತೇನೆ. ವಾಂತಿ ಬಂತಾ ಅಂತ. ಮೊದಲೇ ಗೊತ್ತಾದರೆ ಡ್ರೈವರಿಗೆ ಹೇಳಬಹುದಲ್ಲ, ಅದಕ್ಕೆ. ಎರಡು ಮೂರು ಸಲ ಕೇಳುವಷ್ಟರಲ್ಲಿ ಬಂದೇ ಬರುತ್ತದೆ.

ನಾನು ಗುಬ್ಬಿಯ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ರಿಟೈರಾದವನು. ಭೂಪಟದ ಮೇಲೆ ಕೋಲಿಟ್ಟು ನೈಲ್ ನದಿ, ಆಲ್ಪ್ಸ್ ಪರ್ವತ ತೋರಿಸಿದ್ದೇ ತೋರಿಸಿದ್ದು, ಕಣ್ಣಾರೆ ಕಂಡಿದ್ದು ಮಾತ್ರ ಕುಣಿಗಲ್ ಕೆರೆ. ರಿಟೈರಾದ ಮೇಲೆ ಗಂಡಹೆಂಡಿರಿಬ್ಬರೂ ಲೋಕ ಸುತ್ತಬೇಕು ಅಂತ ನನ್ನ ಆಸೆ. ನೀವೊಬ್ಬರೇ ಹೋಗಿಬನ್ನಿ ಅನ್ನುತ್ತಾಳೆ. ಅದು ಆಗದ ಮಾತು. ಕಂಡದ್ದನ್ನು ಅಲ್ಲೇ ನಿಂತು ಯಾರಿಗಾದರೂ ವಿವರಿಸದಿದ್ದರೆ ನನಗೆ ಉಸಿರು ಕಟ್ಟುತ್ತದೆ, ಮೇಷ್ಟರ ಕಾಯಿಲೆ.

ಹೀಗಿರುವಾಗ ಒಂದು ದಿನ ಗಿರಿಜೆ ಫೋನು ಹಿಡಿದುಕೊಂಡು ಬಂದಳು. ಒಂದು ದೊಡ್ಡ ಹಡಗು, ಅದರ ಬಾಲ್ಕನಿಯಲ್ಲಿ ಒಬ್ಬ ಹೆಂಗಸು ಕಾಲು ಚಾಚಿ ಕೂತು ಕಾಫಿ ಕುಡಿಯುತ್ತಿದ್ದಾಳೆ, ಎದುರಿಗೆ ಬರೀ ನೀರು.

"ರೀ, ನಂಗೆ ಇದು ಬೇಕು."

"ಏನು, ಕಾಫಿನಾ?"

"ಬಾಲ್ಕನಿ ಕಣ್ರೀ! ಚಿಕ್ಕೋಳಿದ್ದಾಗ ಕಡಬದ ಕೆರೆ ಏರಿ ಮೇಲೆ ಹಿಂಗೇ ಕೂತಿರ್ತಿದ್ದೆ. ಅಮ್ಮ ಕೋಲು ಹಿಡ್ಕೊಂಡು ಬರೋವರೆಗೂ ಏಳ್ತಿರ್ಲಿಲ್ಲ."

ತುಮಕೂರಿನ ಮರಳೂರು ಬಡಾವಣೆಯ ನಮ್ಮ ಮನೆಗೂ ಬಾಲ್ಕನಿ ಇದೆ. ಆದರೆ ಎದುರು ಮನೆಯವರು ಮೇಲೆ ಇನ್ನೊಂದು ಅಂತಸ್ತು ಎತ್ತಿದ ಮೇಲೆ ಅಲ್ಲಿ ಕೂತರೆ ಅವರ ಬಚ್ಚಲುಮನೆ ಕಿಟಕಿ ಬಿಟ್ಟು ಬೇರೆ ಏನೂ ಕಾಣುವುದಿಲ್ಲ. ಅವಳ ಆಸೆ ನನಗೆ ಅರ್ಥವಾಯಿತು. ಆದರೂ ಎಚ್ಚರಿಕೆಗೆ ಕೇಳಿದೆ, "ಹಡಗಲ್ಲಿ ವಾಂತಿ ಆದ್ರೆ?"

"ಆದ್ರೆ ಅದೇ ಕೊನೆ. ಆಮೇಲೆ ನಾನು ಮರಳೂರು ದಾಟಲ್ಲ. ನೀವೂ ಕೇಳಕೂಡ್ದು, ನಾನೂ ಹೇಳಲ್ಲ."

ಈ ಮಾತನ್ನು ಅವಳು ದೇವರ ಮನೆ ಬಾಗಿಲಲ್ಲಿ ನಿಂತು ಹೇಳಿದ್ದರಿಂದ ನನಗೆ ಭಯವಾಯಿತು. ನನ್ನ ಇಡೀ ರಿಟೈರ್ಡ್ ಬದುಕು ಒಂದು ಹಡಗಿನ ಮೇಲೆ ನಿಂತುಬಿಟ್ಟಿತ್ತು.

ಕುಣಿಗಲ್ಲಿನಲ್ಲಿರುವ ನನ್ನ ಭಾಮೈದ ರುದ್ರೇಶ ಸುದ್ದಿ ಕೇಳಿ ಫೋನಿನಲ್ಲೇ ನಕ್ಕ. "ಏನ್ ಭಾವ, ಅಕ್ಕನ್ನ ಹಡಗಲ್ಲಿ ಕರ್ಕೊಂಡೋಗ್ತೀರಂತೆ? ನಮ್ಮನೆಗೆ ಬರೋವಾಗ ಹೆಬ್ಬೂರಲ್ಲೇ ಇಳ್ದುಬಿಡ್ತಾಳೆ, ಸಮುದ್ರದ ಮಧ್ಯೆ ಎಲ್ಲಿಳಿಸ್ತೀರಾ? ಬುಡಿ ಅತ್ಲಾಗೆ!"

ನನಗೆ ರೋಷ ಬಂತು. ಅವತ್ತೇ ಹೋಗಿ ಟ್ರಾವೆಲ್ಸ್ ಆಫೀಸಿನಲ್ಲಿ ಕೂತೆ. ಅಲ್ಲಿದ್ದ ಹುಡುಗಿ ಕಂಪ್ಯೂಟರಿನಿಂದ ಹಡಗಿನ ನಕ್ಷೆ ಪ್ರಿಂಟ್ ತೆಗೆದು ನನ್ನ ಮುಂದಿಟ್ಟು, ಬಾಲ್ಕನಿ ಇರುವ ಕ್ಯಾಬಿನ್ನುಗಳಲ್ಲಿ ಯಾವುದು ಬೇಕೋ ಆರಿಸಿ ಅಂಕಲ್ ಅಂದಳು. ನಕ್ಷೆ ಕಂಡರೆ ನನಗೆ ಕೈ ತುರಿಸುತ್ತದೆ. ಅವಳ ಪೆನ್ನು ಇಸಿದುಕೊಂಡು ಶುರುಮಾಡಿದೆ.

ತುಮಕೂರಿಂದ ಗುಬ್ಬಿಗೆ ಸರ್ವೀಸು ಪೂರ್ತಿ ಬಸ್ಸಿನಲ್ಲಿ ಓಡಾಡಿದ ನನಗೆ ಸೀಟು ಆರಿಸುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಿಂದಿನ ಸೀಟು ಎತ್ತಿ ಹಾಕುತ್ತದೆ. ಚಕ್ರದ ಮೇಲಿನ ಸೀಟಲ್ಲಿ ಮಂಡಿ ಗದ್ದಕ್ಕೆ ಬರುತ್ತದೆ. ಡ್ರೈವರ್ ಹಿಂದಿನ ಸೀಟೇ ರಾಜಸೀಟು. ಇನ್ನು ಬಿಸಿಲು. ಬೆಳಗ್ಗೆ ಕುಣಿಗಲ್ಲಿಗೆ ಹೋಗುವಾಗ ಎಡಗಡೆ ಕೂತವನು ಬೆಂದುಹೋಗುತ್ತಾನೆ, ಬಲಗಡೆ ಕೂತವನು ನಿದ್ದೆ ಮಾಡುತ್ತಾನೆ. ಈ ಹಡಗು ಸಿಂಗಪುರ ಬಿಟ್ಟು ವಾಯವ್ಯಕ್ಕೆ ಹೋಗುತ್ತದೆ, ಸಾಯಂಕಾಲದ ಬಿಸಿಲು ಎಡಗಡೆ ಹೊಡೆಯುತ್ತದೆ. ಆದ್ದರಿಂದ ಬಲಗಡೆ, ಎಲ್ಲಕ್ಕಿಂತ ಮುಂದೆ, ಮೇಲಿನ ಅಂತಸ್ತಿನಲ್ಲಿ, ಕ್ಯಾಪ್ಟನ್ ಕೂರುವ ಜಾಗಕ್ಕೆ ಹತ್ತಿರದ ಬಾಲ್ಕನಿಗೆ ರೌಂಡು ಹಾಕಿದೆ.

"ಎಲ್ರೂ ಸೆಂಟರ್‌ದೇ ಕೇಳ್ತಾರೆ ಅಂಕಲ್," ಅಂದಳು ಹುಡುಗಿ.

"ಅವ್ರು ಬಸ್ಸಲ್ಲಿ ಓಡಾಡಿಲ್ಲ ಬಿಡಮ್ಮ," ಅಂದೆ.

ಸಿಂಗಪುರ

ವಿಮಾನದಲ್ಲಿ ಗಿರಿಜೆ ಡಾಕ್ಟರು ಕೊಟ್ಟ ಮಾತ್ರೆ ನುಂಗಿ ಮಲಗಿದವಳು ಸಿಂಗಪುರದಲ್ಲೇ ಕಣ್ಣುಬಿಟ್ಟಿದ್ದು. ಹಡಗಿನಲ್ಲಿ ಮಾತ್ರೆ ಮುಟ್ಟುವುದಿಲ್ಲ ಅಂದಳು. "ನಿದ್ದೆ ಮಾಡೋಕೆ ಇಷ್ಟು ದೂರ ಬರಬೇಕಾಗಿತ್ತಾ? ಮನೇಲಿ ಹಾಸಿಗೆ ಇರ್ಲಿಲ್ವಾ?" ಮಾತು ಸರಿಯಾಗೇ ಇತ್ತು. ಹಾಗಾಗಿ ನಾನು ನಮ್ಮವರ ಅಂಗಡಿಗಳಿರುವ ಬೀದಿ ಹುಡುಕಿಕೊಂಡು ಹೋಗಿ ಜೇಬುತುಂಬ ನಿಂಬೆಹಣ್ಣು ತುಂಬಿಕೊಂಡೆ. ಬಂದರಿನ ಬಾಗಿಲಲ್ಲಿ ತಪಾಸಣೆಯ ಹೆಂಗಸು, ಹಡಗಿನೊಳಕ್ಕೆ ಹಣ್ಣು ತರುವಂತಿಲ್ಲ ಅಂತ ಅಷ್ಟನ್ನೂ ತೆಗೆದು ಡಬ್ಬಕ್ಕೆ ಹಾಕಿದಳು. ಇದು ಹಣ್ಣಲ್ಲ ತಾಯಿ, ಔಷಧಿ ಅಂತ ಇಂಗ್ಲಿಷಿನಲ್ಲಿ ವಾದ ಮಾಡಿದೆ. ಆಕೆ ನಗುನಗುತ್ತಲೇ ಇನ್ನೊಂದು ಜೇಬನ್ನೂ ಖಾಲಿ ಮಾಡಿಸಿದಳು. ಒಳಗೆ ಹೋಗಿ ನೋಡಿದರೆ ಊಟದ ಹಾಲಿನಲ್ಲಿ ನೀರಿಗೂ ನಿಂಬೆಹೋಳು, ಟೀಗೂ ನಿಂಬೆಹೋಳು!

ಹಡಗು ಅಂದರೆ ಹಡಗಲ್ಲ ಅದು. ನಾಲ್ಕು ಕಲ್ಯಾಣ ಮಂಟಪ ಒಂದರ ಮೇಲೊಂದು ಪೇರಿಸಿದ ಹಾಗಿತ್ತು. ಒಳಗೆ ಲಿಫ್ಟು, ಅಂಗಡಿ, ಈಜುಕೊಳ. "ಸಮುದ್ರದ ಮೇಲೆ ಹೋಗೋ ಹಡಗೊಳಗೆ ಈಜುಕೊಳ ಯಾಕ್ರೀ?" ಅಂದಳು ಗಿರಿಜೆ.

ನಮ್ಮ ಕ್ಯಾಬಿನ್ನು ಎಷ್ಟು ಮುಂದಿತ್ತೆಂದರೆ ಲಿಫ್ಟು ಇಳಿದು ನಡೆದೂ ನಡೆದೂ ಗಿರಿಜೆಯ ಚಪ್ಪಲಿ ಉಂಗುಷ್ಟ ಕಿತ್ತುಹೋಯಿತು. ಆದರೆ ಬಾಗಿಲು ತೆಗೆದು ಬಾಲ್ಕನಿಗೆ ಹೋದವಳು ಚಪ್ಪಲಿಯನ್ನೇ ಮರೆತಳು. ಕಂಬಿ ಹಿಡಿದು ನಿಂತಳು. ಆಮೇಲೆ ಕುರ್ಚಿ ಎಳೆದುಕೊಂಡು, ಕಾಲು ಮೇಲೆ ಮಡಚಿಟ್ಟು, ಕಡಬದ ಕೆರೆ ಏರಿ ಮೇಲೆ ಕೂತ ಹಾಗೇ ಕೂತಳು. ಹಡಗು ಹೊರಟಿದ್ದನ್ನು ನಾನು ಬೇಕೆಂದೇ ಹೇಳಲಿಲ್ಲ. ದಡ ದೂರವಾಗಿ ಎಷ್ಟೋ ಹೊತ್ತಾದ ಮೇಲೆ "ಇದು ಯಾವಾಗ ಹೊರಡುತ್ತೆ?" ಅಂತ ಅವಳೇ ಕೇಳಿದಳು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಆ ಖುಷಿಯಲ್ಲಿ ನೆರಳಿನ ಲೆಕ್ಕಾಚಾರ ಬೇರೆ ವಿವರಿಸಿಬಿಟ್ಟೆ.

"ಹಂಗಾದ್ರೆ ಸೂರ್ಯ ಮುಳುಗೋದು ಎಲ್ಲಿ ಕಾಣುತ್ತೆ?" ಅಂದಳು.

"ಆ ಕಡೆ. ನಮ್ಮ ಮೇಲೆ ಬೀಳದೇ ಇರೋ ಹಂಗೆ ಬುಕ್ ಮಾಡಿದೀನಿ."

"ಅಲ್ರೀ, ಜನ ಅದನ್ನ ನೋಡೋಕೇ ದುಡ್ಡು ಕೊಟ್ಟು ಬರೋದು!"

ನಿಜ ಹೇಳಬೇಕೆಂದರೆ ಮೇಲಿನ ಡೆಕ್ಕಿಗೆ ಹೋದಾಗ ಇಡೀ ಹಡಗು ಎಡಗಡೆ ಕಂಬಿಗೆ ಆತುಕೊಂಡು ಫೋಟೋ ಹೊಡೆಯುತ್ತಿತ್ತು. ನಮ್ಮ ಕಡೆ ನೆರಳಿನಲ್ಲಿ ನಾನೊಬ್ಬನೇ. ಅಲ್ಲಿ ಒಂದು ಸಂಗತಿ ಕಂಡು ಮಾತ್ರ ಮನಸ್ಸು ತಂಪಾಯಿತು. ಈಜುಕೊಳದ ಸುತ್ತ ಇದ್ದ ಒರಗು ಕುರ್ಚಿಗಳ ಮೇಲೆ ಬಿಳಿಯರು ಬರೀ ಟವೆಲ್ ಹಾಸಿ ಊಟಕ್ಕೆ ಹೋಗಿದ್ದರು. ನಮ್ಮ ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರಿಗೂ ಇವರಿಗೂ ಏನೂ ವ್ಯತ್ಯಾಸವಿಲ್ಲ. ನಾನೂ ಹೆಗಲ ಮೇಲಿದ್ದ ಟವೆಲ್ ತೆಗೆದು, ದೂರದಿಂದಲೇ ಬೀಸಿ, ಖಾಲಿ ಕುರ್ಚಿಯೊಂದಕ್ಕೆ ಗುರಿಯಿಟ್ಟು ಎಸೆದೆ. ಸರಿಯಾಗಿ ಬಿತ್ತು. ಪಕ್ಕದಲ್ಲಿದ್ದ ದೊರೆ ಚಪ್ಪಾಳೆ ತಟ್ಟಿದ.

ವಾಪಸ್ಸು ಬಂದರೆ ಹಾಸಿಗೆ ಮೇಲೆ ಒಂದು ಆನೆ! ಕ್ಯಾಬಿನ್ ಗುಡಿಸುವ ವಯಾನ್ ಅನ್ನುವ ಬಾಲಿ ದ್ವೀಪದವನು ನಮ್ಮ ಸ್ನಾನದ ಟವೆಲ್ಲುಗಳನ್ನೇ ಮಡಚಿ ಸೊಂಡಿಲು ಕಿವಿ ಎಲ್ಲ ಮಾಡಿ ಕೂರಿಸಿದ್ದ. ಗಿರಿಜೆ ಅದನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲೆ ಪೂರ್ವಕ್ಕೆ ಮುಖಮಾಡಿ ಇಟ್ಟು ಕುಂಕುಮ ಇಟ್ಟಳು.

"ಲೇ, ಅದು ಟವೆಲ್ ಕಣೇ. ನಾನು ಸ್ನಾನಕ್ಕೆ ಹೋಗ್ಬೇಕು."

"ಪಂಚೇಲಿ ಒರೆಸ್ಕೊಳ್ಳಿ. ಗಣಪತಿನ ಬಿಚ್ತೀರಾ?"

ಮಾರನೇ ದಿನ ಕೋತಿ ಬಂತು. ಅದು ಆಂಜನೇಯನಾಗಿ ಆನೆಯ ಪಕ್ಕ ಕೂತಿತು. ಅದರ ಮಾರನೇ ದಿನ ಹಂಸ, ಅದನ್ನೂ ಬಿಚ್ಚುವಂತಿಲ್ಲ, ಸರಸ್ವತಿಯ ವಾಹನ. ವಯಾನ್ ಕುಂಕುಮ ನೋಡಿ ಕೈಮುಗಿದು, ಎಲ್ಲಿಂದಲೋ ಒಂದು ಹೂವು ತಂದಿಟ್ಟ. ದೇವರುಗಳು ಹೆಚ್ಚಾದ ಹಾಗೆ ನನ್ನ ಟವೆಲ್ಲು ಕಡಿಮೆಯಾಗುತ್ತಾ ಹೋಯಿತು.

ಪೆನಾಂಗ್

ಪೆನಾಂಗಿನಲ್ಲಿ ಹಡಗು ದಡಕ್ಕೇ ನಿಂತಿತು, ಇಳಿದು ಊರು ನೋಡಲು ಹೊರಟೆವು. ಅಲ್ಲಿ ಮೂರು ಚಕ್ರದ ಸೈಕಲ್ ಗಾಡಿಗಳಿವೆ. ಹೂವು, ಛತ್ರಿ ಎಲ್ಲ ಕಟ್ಟಿ ಗೌರಿ ಮಂಟಪದ ಹಾಗೆ ಸಿಂಗಾರ ಮಾಡಿರುತ್ತಾರೆ. ಹತ್ತಿ ಕೂತ ಮೇಲೆ ನೋಡುತ್ತೇನೆ, ತುಳಿಯುವವನು ನಮ್ಮ ಹಿಂದೆ! ಮುಂದೆ ನಾವೇ. ಬರುವ ಲಾರಿಗೂ ನನ್ನ ಮೊಣಕಾಲಿಗೂ ನಡುವೆ ಏನೇನೂ ಇಲ್ಲ. ಜೀವಮಾನವೆಲ್ಲ ಡ್ರೈವರ್ ಹಿಂದೆ ಕೂತ ನನಗೆ ಡ್ರೈವರ್ ಮುಂದೆ ಕೂರುವ ಗ್ರಹಚಾರ.

ಗಿರಿಜೆ ಮಾತ್ರ ಅಂಗಡಿ ಬೋರ್ಡು, ಹಳೇ ಮನೆಗಳ ಬಣ್ಣದ ಬಾಗಿಲು ನೋಡುತ್ತಾ ಆರಾಮಾಗಿ ಕೂತಿದ್ದಳು. ಗಾಡಿ ಅಲ್ಲಾಡುತ್ತಿತ್ತು, ಬಿಸಿಲು ಜೋರಾಗಿತ್ತು, ಮೀನಿನ ವಾಸನೆ ಬೇರೆ. ನನಗೆ ಜವಾಬ್ದಾರಿ ನೆನಪಾಯಿತು.

"ಬಂತಾ?" ಅಂದೆ.

"ಇಲ್ಲ."

ಒಂದು ತಿರುವು ಆಯಿತು. "ಈಗ ಬಂತಾ?"

"ಸುಮ್ನಿರ್ರೀ."

ಇನ್ನೊಂದು ತಿರುವು. ಅವಳ ತುಟಿ ಬೆಳ್ಳಗಾದ ಹಾಗೆ ಕಂಡಿತು. "ನಿಜ ಹೇಳು, ಬಂತಾ?"

ಬಂತು. ಛತ್ರಿ ಕಟ್ಟಿದ ಆ ಚೆಂದದ ಗಾಡಿಯಿಂದ ಇಳಿದು ಅವಳು ಚರಂಡಿ ಪಕ್ಕ ಕೂತಳು. ಗಾಡಿಯವನು ಪಾಪ ನೀರಿನ ಬಾಟಲಿ ಹಿಡಿದು ನಿಂತ. ಎದುರಿನ ಅಂಗಡಿಯ ಚೀನೀ ಮುದುಕಿ ಓಡಿಬಂದು ಬೆನ್ನು ನೀವಿ, ತನ್ನದೇ ಭಾಷೆಯಲ್ಲಿ ನನ್ನನ್ನು ಏನೋ ಬೈದಳು. ಅರ್ಥವಾಗದಿದ್ದರೂ ಬೈಗುಳ ಅಂತ ಗೊತ್ತಾಗುತ್ತದೆ, ಅದಕ್ಕೆ ಭಾಷೆ ಬೇಕಾಗಿಲ್ಲ.

ಕ್ಯಾಬಿನ್ನಿಗೆ ಬಂದ ಮೇಲೆ ಗಿರಿಜೆ ಮೆಲ್ಲಗೆ ಹೇಳಿದಳು. "ಸಾಕು ರೀ. ಊರಿಗೆ ಹೋದ್ಮೇಲೆ ನಾನು ಎಲ್ಲಿಗೂ ಬರಲ್ಲ. ಹಡಗು ವಾಪಸ್ ಹೋಗೋವರೆಗೂ ಈ ಬಾಲ್ಕನೀಲೇ ಕೂತಿರ್ತೀನಿ. ನೀವು ಬೇಜಾರು ಮಾಡ್ಕೋಬೇಡಿ."

ಬೇಜಾರಾಗದೆ ಇರುತ್ತದೆಯೇ? ನೈಲು, ಆಲ್ಪ್ಸು, ಕಾಶಿ, ಬದರಿ ಎಲ್ಲ ಆ ಚರಂಡಿಯಲ್ಲೇ ಕೊಚ್ಚಿಹೋದಂತಾಯಿತು. ಹಡಗು ದಡ ಬಿಡುತ್ತಿದ್ದ ಹಾಗೆ ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು, ದುಃಖದಿಂದ ಅಂತ ಅಂದುಕೊಂಡೆ.

ಕಡಲ ಮೇಲೆ

ಅದು ದುಃಖವಾಗಿರಲಿಲ್ಲ.

ಪೆನಾಂಗ್ ಬಿಟ್ಟ ಮೇಲೆ ಮೋಡ ಕವಿದು ಗಾಳಿ ಎದ್ದಿತು. ಆಗ ನನಗೆ ಭೂಗೋಳದ ಹೊಸ ಪಾಠವಾಯಿತು. ಹಡಗಿಗೆ ಚಕ್ರವಿಲ್ಲ. ಅಲೆ ಬಂದಾಗ ಅದರ ಮೂತಿ ಮೇಲಕ್ಕೆ ಎದ್ದು ಕೆಳಕ್ಕೆ ಕುಕ್ಕುತ್ತದೆ, ಏತದ ಮರದ ಹಾಗೆ. ಮಧ್ಯದಲ್ಲಿರುವವನು ಸುಖವಾಗಿರುತ್ತಾನೆ. ತುದಿಯಲ್ಲಿರುವವನು, ಅದೂ ಮೇಲಿನ ಅಂತಸ್ತಿನ ತುದಿಯಲ್ಲಿರುವವನು, ಬಾವಿಗೆ ಇಳಿದು ಹತ್ತುವ ಬಾನಿಯಾಗುತ್ತಾನೆ. ಡ್ರೈವರ್ ಹಿಂದಿನ ರಾಜಸೀಟು ನನ್ನನ್ನು ಎತ್ತಿತು, ಇಳಿಸಿತು, ಎತ್ತಿತು, ಇಳಿಸಿತು. ಮೇಜಿನ ಮೇಲೆ ಗಣಪತಿ, ಆಂಜನೇಯ, ಹಂಸ ಮೂವರೂ ತೂಗಾಡುತ್ತಿದ್ದರು. ನಾನು ಬಾಯಿಗೆ ಕೈ ಅಡ್ಡ ಹಿಡಿದು ಬಚ್ಚಲಿಗೆ ಓಡಿದೆ.

ಅಯ್ಯೋ, ಆ ಅವಸ್ಥೆ ಶತ್ರುವಿಗೂ ಬೇಡ. ಹೊಟ್ಟೆಯಲ್ಲಿ ಇದ್ದದ್ದು, ಇಲ್ಲದ್ದು, ಮುಂದೆ ತಿನ್ನಬೇಕಾಗಿದ್ದದ್ದು ಎಲ್ಲ ಬಂತು. ಎದ್ದು ನಿಂತರೆ ಗೋಡೆ ಹತ್ತಿರ ಬರುತ್ತದೆ, ಮಲಗಿದರೆ ಸೂರು ದೂರ ಹೋಗುತ್ತದೆ. ಗಿರಿಜೆ ಗಾಬರಿಯಾಗಿ, ಇರಿ ಬಂದೆ ಅಂತ ಎದ್ದು ಹೊರಗೆ ಹೋದಳು. ಅವಳು ಒಬ್ಬಳೇ ಮನೆ ಬಿಟ್ಟು ಮಾರ್ಕೆಟ್ಟಿಗೂ ಹೋದವಳಲ್ಲ. ಆ ತೂಗುವ ಹಡಗಿನಲ್ಲಿ, ಕಿತ್ತ ಚಪ್ಪಲಿಗೆ ಪಿನ್ನು ಹಾಕಿಕೊಂಡು, ಲಿಫ್ಟು ಹತ್ತಿ ಇಳಿದು, ಎಲ್ಲಿಗೋ ಹೋಗಿ, ಒಂದು ತಟ್ಟೆ ತುಂಬ ನಿಂಬೆಹೋಳು, ಬಿಸಿನೀರು, ಒಣ ಬ್ರೆಡ್ಡು ತಂದಳು.

"ಯಾರನ್ನ ಕೇಳ್ದೆ?"

"ಯಾರನ್ನೂ ಇಲ್ಲ. ನಾನೇ ಅಡುಗೆಮನೆ ಹುಡುಕ್ಕೊಂಡು ಹೋದೆ. ಆ ಟೋಪಿ ಹಾಕಿದ್ ಭಟ್ಟರು ಬೇಡ ಬೇಡ ಅಂತ ಕೈ ಆಡಿಸಿದ್ರು. ನಾನು ವಾಂತಿ ಮಾಡೋ ಥರ ಮಾಡಿ ತೋರಿಸ್ದೆ. ಕೊಟ್ಟುಬಿಟ್ರು."

ಆಮೇಲೆ ಬಾಲ್ಕನಿಗೆ ಹೋಗಿ ಕೂತಳು. ಹಾಸಿಗೆಯಿಂದಲೇ ನನಗೆ ಅವಳ ಬೆನ್ನು ಕಾಣುತ್ತಿತ್ತು. ಬಾಲ್ಕನಿಗಳ ನಡುವೆ ಒಂದು ಅಡ್ಡಗೋಡೆ ಇತ್ತು. ಅದರ ಆಚೆಯಿಂದ ಬಿಳಿಕೂದಲಿನ ಒಂದು ತಲೆ ಇಣುಕಿತು, ಆಸ್ಟ್ರೇಲಿಯಾದ ಮಾರ್ಗರೆಟ್. ಗಿರಿಜೆಗೆ ಇಂಗ್ಲಿಷು ಅಷ್ಟಕ್ಕಷ್ಟೆ, ಆಕೆಗೆ ಕನ್ನಡದ ಗಂಧವಿಲ್ಲ. ಆದರೂ ಮರಳೂರಿನಲ್ಲಿ ಕಾಂಪೌಂಡ್ ಗೋಡೆ ಮೇಲಿಂದ ನಡೆಯುವ ಹಾಗೇ ಮಾತುಕತೆ ನಡೆಯಿತು. ಈ ಕಡೆಯಿಂದ ಕೋಡುಬಳೆ ಹೋಯಿತು, ಆ ಕಡೆಯಿಂದ ಬಿಸ್ಕತ್ತು ಬಂತು. ಮಧ್ಯೆ ಮಧ್ಯೆ ಇಬ್ಬರೂ ತಿರುಗಿ ನನ್ನನ್ನು ನೋಡಿ ತಲೆ ಅಲ್ಲಾಡಿಸುತ್ತಿದ್ದರು. ನನ್ನ ವಿಷಯವೇ ಮಾತಾಡುತ್ತಿದ್ದರು ಅನ್ನುವುದರಲ್ಲಿ ಸಂಶಯವಿಲ್ಲ.

ಮೂಗಿಗೆ ನಿಂಬೆಹೋಳು ಒತ್ತಿಕೊಂಡೇ ನಾನು ಗಿರಿಜೆಯನ್ನು "ಬಂತಾ?" ಅಂತ ಕೇಳಬೇಕೆಂದುಕೊಂಡೆ. ಬಾಯಿ ತೆರೆದರೆ ಬೇರೆಯದೇ ಬರುವ ಭಯವಿದ್ದದ್ದರಿಂದ ಕೇಳಲಿಲ್ಲ.

ಫುಕೆಟ್

ಫುಕೆಟ್ಟಿನಲ್ಲಿ ಹಡಗು ದಡಕ್ಕೆ ಹೋಗುವುದಿಲ್ಲ. ದೂರದಲ್ಲಿ ಲಂಗರು ಹಾಕುತ್ತದೆ, ಅಲ್ಲಿಂದ ಚಿಕ್ಕ ದೋಣಿಯಲ್ಲಿ ಹೋಗಬೇಕು. ಗಾಳಿ ನಿಂತಿತ್ತು, ಅಲೆ ನಿಂತಿರಲಿಲ್ಲ. ನಾನು ಎದ್ದು ಕೂರುವ ಸ್ಥಿತಿಯಲ್ಲಿರಲಿಲ್ಲ.

"ರೀ, ಮಾರ್ಗರೆಟ್ಟಮ್ಮ ಕರೀತಾರೆ. ಹೋಗ್ಬರ್ಲಾ?" ಅಂದಳು ಗಿರಿಜೆ.

"ಎಲ್ಲಿಗೆ?"

"ದಡಕ್ಕೆ. ಆ ದೋಣೀಲಿ."

ನಾನು ದೋಣಿ ನೋಡಿದೆ. ನಮ್ಮ ಗುಬ್ಬಿ ಮಿನಿ ಬಸ್ಸಿನಷ್ಟಿತ್ತು, ನಿಂತಲ್ಲೇ ಕುಪ್ಪಳಿಸುತ್ತಿತ್ತು. "ಹುಚ್ಚು ಹಿಡಿದಿದೆಯಾ ನಿಂಗೆ? ಗಾಡೀಲಿ ಕೂತೇ ವಾಂತಿ ಮಾಡ್ಕೊಂಡೋಳು!"

"ಆದ್ರೆ ಆಗ್ಲಿ. ಹೆಂಗೂ ಇದೇ ಕೊನೆ ಅಲ್ವಾ? ಕೊನೇದು ಅಂದ್ಮೇಲೆ ನೋಡೇಬಿಡ್ತೀನಿ."

ಹೊರಟೇಹೋದಳು. ಕವರು ಮಂಚದ ಮೇಲೆಯೇ ಇತ್ತು! ಅದನ್ನು ಕೈಗೆ ತೆಗೆದುಕೊಂಡೆ. ಎದ್ದು, ಗೋಡೆ ಹಿಡಿದು, ತೆವಳುತ್ತಾ ಬಾಲ್ಕನಿಗೆ ಬಂದೆ. ನೆರಳಿಗೆಂದು ನಾನು ಆರಿಸಿದ್ದ ಆ ಬಲಗಡೆಯಲ್ಲೇ ದೋಣಿ ಹತ್ತಿಸುತ್ತಿದ್ದರು. ಹಸಿರು ಸೀರೆ ಕಂಡಿತು. ಮಾರ್ಗರೆಟ್ ಕೈಹಿಡಿದಳು, ಗಿರಿಜೆ ಜಿಗಿದಳು. ದೋಣಿ ಹೊರಟಿತು. ಒಂದು ಅಲೆ ಹತ್ತಿತು, ಧಡಕ್ಕನೆ ಇಳಿಯಿತು. ನೋಡುತ್ತಿದ್ದ ನನಗೇ ಗಂಟಲಿಗೆ ಬಂತು. ಆದರೂ ಕಂಬಿಗೆ ಆತುಕೊಂಡು, ಕವರು ಬೀಸುತ್ತಾ, ಹೈಸ್ಕೂಲ್ ಮೈದಾನದಲ್ಲಿ ಡ್ರಿಲ್ ಮಾಡಿಸುವ ಗಂಟಲಲ್ಲಿ ಕೂಗಿದೆ.

"ಗಿರಿಜಾ! ಬಂತಾ?"

ಮೇಲೆ ಕೆಳಗೆ ಇದ್ದ ಬಾಲ್ಕನಿಗಳಿಂದೆಲ್ಲ ತಲೆಗಳು ಹೊರಗೆ ಬಂದವು. ಅವಳಿಗೆ ಕೇಳಿಸಲಿಲ್ಲ. ಎಂಜಿನ್ ಸದ್ದು. ದೋಣಿ ಚಿಕ್ಕದಾಗುತ್ತಾ ಹೋಯಿತು, ನಾನು ಕವರನ್ನು ನನಗೇ ಉಪಯೋಗಿಸಿಕೊಂಡೆ.

ಆ ಹೊತ್ತು ಹೇಗೆ ಕಳೆದೆನೋ ದೇವರಿಗೇ ಗೊತ್ತು. ನನ್ನ ಸಂಕಟಕ್ಕಿಂತ ಅವಳದೇ ಯೋಚನೆ. ಯಾವ ದಡದಲ್ಲಿ ಯಾವ ಮರದ ಕೆಳಗೆ ಕೂತಿದ್ದಾಳೋ, ನೀರು ಕೊಡುವವರಿದ್ದಾರೋ ಇಲ್ಲವೋ. ಮೇಜಿನ ಮೇಲಿನ ಗಣಪತಿಗೆ ಕೈಮುಗಿದು, ಅವಳು ಸರಿಯಾಗಿ ವಾಪಸ್ಸು ಬಂದರೆ ಇನ್ನೆಲ್ಲಿಗೂ ಕರೆಯುವುದಿಲ್ಲ ಅಂತ ಬೇಡಿಕೊಂಡೆ. ಟವೆಲ್ ಅನ್ನುವುದು ಆಗ ನೆನಪಿಗೇ ಬರಲಿಲ್ಲ.

ಸಾಯಂಕಾಲ ಬಾಗಿಲು ತೆರೆಯಿತು. ಗಿರಿಜೆ! ತಲೆಯ ಮೇಲೆ ಓಲೆ ಟೋಪಿ, ಕೈಯಲ್ಲಿ ಎಳನೀರು, ಮುಖ ಬಿಸಿಲಿಗೆ ಕೆಂಪಾಗಿತ್ತು. ಎಳನೀರಿನೊಳಕ್ಕೆ ಚಮಚ ಹಾಕಿ ಗಂಜಿ ಕೆರೆದು ತಿನ್ನುತ್ತಲೇ ಒಳಗೆ ಬಂದಳು.

"ನಮ್ ಗುಬ್ಬಿ ಕಡೆ ರುಚಿ ಇಲ್ಲ ಬಿಡಿ. ಆದ್ರೂ ಪರ್ವಾಗಿಲ್ಲ. ನಿಮ್ಗೆ ಹೆಂಗಿದೆ?"

"ನಂದಿರ್ಲಿ, ನಿಂಗೆ ಎಷ್ಟು ಸಲ ಆಯ್ತು?"

"ಏನು?"

"ವಾಂತಿ ಕಣೇ!"

ಅವಳು ಚಮಚ ಬಾಯಲ್ಲಿಟ್ಟುಕೊಂಡೇ ಯೋಚನೆ ಮಾಡಿದಳು. "ಅಯ್ಯೋ, ಹೌದಲ್ವಾ? ಆಗ್ಲೇ ಇಲ್ಲ. ನೆನಪೇ ಆಗ್ಲಿಲ್ಲ ಕಣ್ರೀ."

"ಅದ್ಹೆಂಗೆ? ಆ ಥರ ಅಲೆ ಇತ್ತಲ್ಲ!"

ಗಿರಿಜೆ ಚಮಚ ಬಾಯಿಂದ ತೆಗೆದಳು.

"ಯಾರೂ ಕೇಳ್ಲಿಲ್ಲ ರೀ," ಅಂದಳು.

ಇದು ವಿಜ್ಞಾನಕ್ಕೆ ಒಪ್ಪುವ ಮಾತಲ್ಲ. ಕೇಳಿದ್ದಕ್ಕೆ ಯಾರಿಗಾದರೂ ವಾಂತಿ ಬರುತ್ತದೆಯೇ? ಎಳನೀರಿನ ಗುಣ ಇರಬಹುದು, ಬೀಸುಗಾಳಿ ಇರಬಹುದು, ಹವಾಮಾನ ಇರಬಹುದು. ಮಲಗಿದ್ದಲ್ಲೇ ಇವೆಲ್ಲವನ್ನೂ ಕ್ರಮವಾಗಿ ವಿವರಿಸಿದೆ. ಅವಳು ಬಾಲ್ಕನಿಗೆ ಹೋಗಿ ಮಾರ್ಗರೆಟ್ಟಮ್ಮನಿಗೆ ಗಂಜಿ ಕೊಡುತ್ತಿದ್ದಳು.

ತುಮಕೂರು ಬಸ್ಸು

ಬೆಂಗಳೂರಿನಲ್ಲಿ ಇಳಿದು ತುಮಕೂರಿನ ಬಸ್ಸು ಹತ್ತಿದೆವು. ನಾನು ಅಭ್ಯಾಸಬಲದಿಂದ ಡ್ರೈವರ್ ಹಿಂದಿನ ಸೀಟಿಗೆ ಟವೆಲ್ ಹಾಕಲು ಹೋದೆ. ಗಿರಿಜೆ ನನ್ನ ರಟ್ಟೆ ಹಿಡಿದು ಮಧ್ಯದ ಸೀಟಿಗೆ ಕರೆದುಕೊಂಡು ಹೋಗಿ, ಕಿಟಕಿ ಪಕ್ಕ ನನ್ನನ್ನು ಕೂರಿಸಿದಳು. ಮದುವೆಯಾದ ಮೇಲೆ ಅವಳ ಜೊತೆ ಹೋಗುವಾಗ ನನಗೆ ಕಿಟಕಿ ಸೀಟು ಸಿಕ್ಕಿದ್ದು ಅದೇ ಮೊದಲು.

ಯಶವಂತಪುರ ದಾಟಿತು. ನೆಲಮಂಗಲ ದಾಟಿತು. ನಾನು ಕೇಳಲಿಲ್ಲ. ಹೆದ್ದಾರಿಯಲ್ಲಿ ಬಸ್ಸು ಬಳುಕುತ್ತಿತ್ತು, ಯಾರೋ ಕಡಲೆಕಾಯಿ ತಿನ್ನುತ್ತಿದ್ದರು, ಡೀಸೆಲ್ ವಾಸನೆ ತುಂಬಿತ್ತು. ನಾಲಿಗೆ ತುದಿಗೆ ಬಂದಿದ್ದನ್ನು ಕಚ್ಚಿ ಹಿಡಿದು ಕೂತೆ. ದಾಬಸ್‌ಪೇಟೆ ದಾಟಿದಾಗ ಗಿರಿಜೆ ಫೋನು ತೆಗೆದು ತಮ್ಮನ ಜೊತೆ ಮಾತಾಡುತ್ತಿದ್ದಳು. "ಲೋ ರುದ್ರೇಶ, ನಾಳೆ ಬಸ್ಸಲ್ಲಿ ನಿಮ್ಮನೆಗೆ ಬರ್ತೀನಿ ಕಣೋ. ಹೂಂ, ಒಬ್ಳೇ. ಹೆಬ್ಬೂರಲ್ಲಿ ಇಳಿಯಲ್ಲ ಕಣೋ, ನೀನೇ ಬಂದು ನೋಡು! ಆಮೇಲೆ ನಿಮ್ ಭಾವಂಗೆ ಆ ನೈಲ್ ನದಿ ನೋಡ್ಬೇಕಂತೆ, ಅಲ್ಲೂ ಹಡಗಿದ್ಯಂತೆ, ಕರ್ಕೊಂಡೋಗ್ತೀನಿ. ಮಧ್ಯದಲ್ಲೇ ತಗೋತೀನಿ ಬಾಲ್ಕನಿ, ಸೂರ್ಯ ಮುಳುಗೋ ಕಡೆ."

ನಾನು ಕಿಟಕಿ ಕಡೆಗೆ ತಿರುಗಿ ಕಣ್ಣೊರೆಸಿಕೊಂಡೆ. ಧೂಳು ಬಿದ್ದಿತ್ತು ಅಂತ ಹೇಳಬಹುದು. ಆದರೆ ಗಾಜು ಹಾಕಿತ್ತು.

ಕ್ಯಾತ್ಸಂದ್ರ ಹತ್ತಿರ ಬಂತು. ಅಲ್ಲಿಯವರೆಗೆ ನನ್ನ ಹೊಟ್ಟೆ ತಣ್ಣಗಿತ್ತು, ದೇವರಾಣೆಗೂ ಏನೂ ಆಗಿರಲಿಲ್ಲ. ಗಿರಿಜೆ ಫೋನು ಬ್ಯಾಗಿಗೆ ಹಾಕಿ, ನನ್ನ ಕಡೆ ತಿರುಗಿ, ನನ್ನ ಮುಖವನ್ನೇ ನೋಡುತ್ತಾ, ತುಂಬ ಪ್ರೀತಿಯಿಂದ ಕೇಳಿದಳು.

"ಬಂತಾ?"

ಒಂದು ಕ್ಷಣ ತಡೆದೆ. ಆಮೇಲೆ ಕೈ ಚಾಚಿದೆ.

"ಕವರ್ ಕೊಡು."